"ಹಾಲಿನ ಪ್ರಮಾಣ ದಾಖಲಿಸಬೇಕು" ಅನ್ನುವ ಒಂದು ಸಾಲಿನಿಂದ ಪ್ರಾಜೆಕ್ಟ್ ನಿಂತಿತು. ತಪ್ಪು ನಿಜವಾಗಿ ಎಲ್ಲಿದೆ?

ಹಾಸನದ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕೆಲಸ ಮಾಡುವ ಕಂಪನಿ ಒಂದು ಹಾಲು ಒಕ್ಕೂಟಕ್ಕೆ ಸಾಫ್ಟ್‌ವೇರ್ ಮಾಡುತ್ತಿತ್ತು. ಹಳ್ಳಿಯ ಡೇರಿಯಲ್ಲಿ ಹಾಲು ಅಳೆಯುವುದು, ಫ್ಯಾಟ್ ನೋಡುವುದು, ಬಟವಾಡೆ ಲೆಕ್ಕ ಹಾಕಿ ರೈತರ ಖಾತೆಗೆ ಕಳಿಸುವುದು, ಇಷ್ಟೇ ಕೆಲಸ. ಕೆಲವೇ ಹಳ್ಳಿಗಳ ಪೈಲಟ್‌ನಲ್ಲಿ, ಅಂದರೆ ಪ್ರಾಯೋಗಿಕ ಹಂತದಲ್ಲೇ, ಅದು ನಿಂತುಹೋಯಿತು. ಈಗ ಎಲ್ಲರೂ ಡೆವಲಪರ್‌ಗಳ ಕಡೆ ಬೆರಳು ತೋರಿಸುತ್ತಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ.

ರಿಕ್ವೈರ್‌ಮೆಂಟ್ ದಾಖಲೆಯಲ್ಲಿ (ಸಾಫ್ಟ್‌ವೇರ್ ಏನೇನು ಮಾಡಬೇಕು ಎಂದು ಮೊದಲೇ ಬರೆದಿಡುವ ದಾಖಲೆ) ಇದ್ದ ಸಾಲು ಇದು: "ಪ್ರತಿ ಸದಸ್ಯರ ದಿನದ ಹಾಲಿನ ಪ್ರಮಾಣವನ್ನು ದಾಖಲಿಸಬೇಕು." ಓದಿದರೆ ಏನೂ ಕೊರತೆ ಕಾಣುವುದಿಲ್ಲ ಅಲ್ವಾ? ಆದರೆ ಪೈಲಟ್ ನಡೆದ ಡೇರಿಗಳಲ್ಲಿ ಹಾಲನ್ನು ಲೀಟರ್‌ನಲ್ಲಿ ಬರೆಯುತ್ತಾರೆ. ಶೀತಲ ಕೇಂದ್ರದಲ್ಲಿ ಕೆಜಿಯಲ್ಲಿ ತೂಗುತ್ತಾರೆ. ಒಂದು ಲೀಟರ್ ಹಾಲು ಹೆಚ್ಚುಕಡಿಮೆ 1.03 ಕೆಜಿ. ಡೇರಿಯ ಸ್ಕ್ರೀನ್ ಮಾಡಿದ ತಂಡ ಲೀಟರ್ ಅಂದುಕೊಂಡಿತು. ಒಕ್ಕೂಟದ ವರದಿ ಮಾಡಿದ ತಂಡ ಕೆಜಿ ಅಂದುಕೊಂಡಿತು. ಇಬ್ಬರದ್ದೂ ಟೆಸ್ಟಿಂಗ್‌ನಲ್ಲಿ ಪಾಸ್. ಎರಡನ್ನೂ ಜೋಡಿಸಿದ ಮೇಲೆ, ಹಳ್ಳಿಯಲ್ಲಿ 500 ಬರೆದ ಹಾಲು ಕೇಂದ್ರದಲ್ಲಿ 515 ಆಯಿತು. ವರದಿಯಲ್ಲಿ ಕೆಂಪು ಅಕ್ಷರದಲ್ಲಿ "15 ಹೆಚ್ಚುವರಿ" ಎಂದು ಬಂತು. ಅದರ ಅರ್ಥ ಏನಾಯಿತು ಗೊತ್ತಾ? ಡೇರಿಯವರು ರೈತರಿಂದ ಜಾಸ್ತಿ ಹಾಲು ಹಾಕಿಸಿಕೊಂಡು ಕಡಿಮೆ ಬರೆದಿದ್ದಾರೆ ಎಂದು!

"ದಿನ" ಅನ್ನುವುದೂ ಹಾಗೇ. ಡೇರಿಗೆ ದಿನ ಎಂದರೆ ಬೆಳಗಿನ ಹಾಲು ಮತ್ತು ಸಂಜೆಯ ಹಾಲು. ಆದರೆ ಟ್ಯಾಂಕರ್ ಬರುವುದು ಬೆಳಿಗ್ಗೆ. ಅದರಲ್ಲಿ ಹೋಗುವುದು ನಿನ್ನೆ ಸಂಜೆಯದ್ದು ಮತ್ತು ಇವತ್ತು ಬೆಳಗಿನದ್ದು. ಲೆಕ್ಕ ತಾಳೆಯಾಗುವುದಾದರೂ ಹೇಗೆ?

ನಿಮ್ಮ ಕಡೆಯೂ ಹೀಗೆ ಆಗಿದೆಯಾ? ಇಂಥ ಸಾಲನ್ನು ಮೊದಲೇ ಹಿಡಿಯುವುದು ಯಾರ ಕೆಲಸ?

---

ಟೆಸ್ಟಿಂಗ್_ಅಕ್ಕ

ಪ್ರತಿ ಸಾಲಿನ ಕೆಳಗೆ ಅಂಕಿ ಹಾಕಿದ ಒಂದು ಉದಾಹರಣೆ ಇರಲೇಬೇಕು. ನಾನು ಇದನ್ನು ಹೋದಲ್ಲೆಲ್ಲಾ ಹೇಳುತ್ತೇನೆ. "ಸದಸ್ಯ ಸಂಖ್ಯೆ 42, ಸೋಮವಾರ ಸಂಜೆ 6.4 ಲೀಟರ್, ಮಂಗಳವಾರ ಬೆಳಿಗ್ಗೆ 7.1 ಲೀಟರ್. ಮಂಗಳವಾರದ ವರದಿಯಲ್ಲಿ ಎಷ್ಟು ಕಾಣಬೇಕು?" ಇದಕ್ಕೆ ಇಬ್ಬರು ಬೇರೆ ಬೇರೆ ಉತ್ತರ ಕೊಟ್ಟರೆ ಆ ಸಾಲು ಇನ್ನೂ ತಯಾರಾಗಿಲ್ಲ ಅಂತ ಅರ್ಥ. ಅಲ್ಲಿಯವರೆಗೆ ಕೋಡ್ ಬರೆಯಲು ಕೂರಬಾರದು.

---

ಸ್ಕ್ರಮ್_ಶಿವಮೊಗ್ಗ

ಇದಕ್ಕೇ ಹೇಳುವುದು, ದಪ್ಪ ದಾಖಲೆ ಬರೆಯುವ ಕಾಲ ಮುಗಿಯಿತು ಅಂತ. ಎರಡು ವಾರಕ್ಕೊಮ್ಮೆ ಮಾಡಿದಷ್ಟನ್ನು ತೋರಿಸಿದ್ದರೆ ಮೊದಲ ತಿಂಗಳಲ್ಲೇ ಸಿಕ್ಕಿಬೀಳುತ್ತಿತ್ತು.

---

ಹಾಸನದ_ಹುಡುಗಿ

@ಸ್ಕ್ರಮ್_ಶಿವಮೊಗ್ಗ ತೋರಿಸಿದ್ದೆವು ಸಾರ್, ಎರಡು ವಾರಕ್ಕೊಮ್ಮೆಯೇ. ಒಕ್ಕೂಟದ ಕಚೇರಿಯ ಮೀಟಿಂಗ್ ರೂಮಿನಲ್ಲಿ. ಸ್ಕ್ರೀನ್ ಮೇಲೆ 500 ಅಂತ ಬಂತು, ಎಲ್ಲರೂ ತಲೆಯಾಡಿಸಿದರು. ನಾವು ಹಾಕಿದ್ದು ಸುಮ್ನೆ ಕಲ್ಪಿಸಿದ ಅಂಕಿ, ಅದಕ್ಕೆ ಲೀಟರೂ ಇಲ್ಲ, ಕೆಜಿಯೂ ಇಲ್ಲ. ಆ ರೂಮಿನಲ್ಲಿ ದಿನಾ ಹಾಲು ಅಳೆಯುವವರು ಒಬ್ಬರೂ ಇರಲಿಲ್ಲ.

---

ಡೇರಿ_ಕಾರ್ಯದರ್ಶಿ

ನನ್ನ ಮಗ ಈ ಚರ್ಚೆ ತೋರಿಸಿದ. ನಾನು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿ. ಮೇಡಂ, ನಿಮ್ಮ ಒಕ್ಕೂಟ ನಮ್ಮದಲ್ಲ. ಆದರೂ ಆ "15 ಹೆಚ್ಚುವರಿ" ಅನ್ನುವುದನ್ನು ಓದಿ ಹೊಟ್ಟೆ ಉರಿಯಿತು.

ನಿಮಗೆ ಅದು ವರದಿಯ ಒಂದು ಸಾಲು. ನಮಗೆ ಅದು ಮಾನದ ಪ್ರಶ್ನೆ. ಡೇರಿಗೆ ಹಾಲು ಹಾಕುವವರು ಬೇರೆ ಯಾರೋ ಅಲ್ಲ. ನಮ್ಮ ಅತ್ತಿಗೆ, ಪಕ್ಕದ ಮನೆಯ ಅಜ್ಜಿ, ನನ್ನ ಜೊತೆ ಓದಿದವರು. "ನಮ್ಮ ಹಾಲನ್ನು ಕಡಿಮೆ ಬರೆದಿದ್ದಾನೆ" ಎಂಬ ಮಾತು ಒಮ್ಮೆ ಊರಲ್ಲಿ ಹಬ್ಬಿದರೆ ಮುಗಿಯಿತು. ಆಮೇಲೆ ಕಂಪ್ಯೂಟರಿನವರು ಬಂದು ಅದು ಲೀಟರ್ ಕೆಜಿ ವ್ಯತ್ಯಾಸ ಎಂದು ವಿವರಿಸಿದರೆ ಯಾರು ನಂಬುತ್ತಾರೆ? ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಮೊದಲ ಪ್ರಶ್ನೆ ಅದೇ ಬರುತ್ತದೆ.

ಇನ್ನೊಂದು ವಿಷಯ ಹೇಳುತ್ತೇನೆ. ಸರ್ಕಾರದ ಪ್ರೋತ್ಸಾಹಧನ ಬರುವುದು ಲೀಟರಿಗೆ 5 ರೂಪಾಯಿಯಂತೆ. ಲೀಟರಿಗೆ, ಕೆಜಿಗೆ ಅಲ್ಲ. 500 ಲೀಟರನ್ನು 515 ಎಂದು ಓದಿದರೆ ಒಂದು ಹೊತ್ತಿಗೇ 75 ರೂಪಾಯಿ ತಪ್ಪು. ಎಷ್ಟು ಡೇರಿ, ಎಷ್ಟು ಹೊತ್ತು, ನೀವೇ ಗುಣಿಸಿ ನೋಡಿ.

ನಮ್ಮನ್ನು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದೆವು. ಯಾರೂ ಕೇಳುವುದಿಲ್ಲ. ನಮ್ಮಲ್ಲಿಗೆ ಬಂದ ಒಂದು ಸಾಫ್ಟ್‌ವೇರಿನಲ್ಲಿ "ನಮೂದು ಬೇಗ ಆಗಬೇಕು" ಎಂದು ಬರೆದುಕೊಂಡಿದ್ದರಂತೆ. ಒಬ್ಬರ ಹಾಲು ಬರೆಯಲು ನಾಲ್ಕು ಸ್ಕ್ರೀನ್ ದಾಟಬೇಕಿತ್ತು. ಬೆಳಿಗ್ಗೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಶಾಲೆಗೆ ಹೋಗುವ ಮಕ್ಕಳಿರುತ್ತಾರೆ, ಕೂಲಿಗೆ ಹೋಗುವವರಿರುತ್ತಾರೆ. ಬೇಗ ಎಂದರೆ ಎಷ್ಟು ಬೇಗ ಎಂದು ಆ ಸಾಲಿನಲ್ಲಿ ನಿಂತು ನೋಡಿದರೆ ತಾನೇ ಗೊತ್ತಾಗುವುದು?

---

ಹೊಸಬ_ಕೋಡರ್

ಕಾರ್ಯದರ್ಶಿಗಳೇ, ನಿಮ್ಮ ಈ ಒಂದು ಉತ್ತರದಲ್ಲಿ ಇರುವಷ್ಟು ರಿಕ್ವೈರ್‌ಮೆಂಟ್ ನಮಗೆ ಇಡೀ ಪ್ರಾಜೆಕ್ಟ್‌ನಲ್ಲಿ ಸಿಗುವುದಿಲ್ಲ. ತುಂಬಾ ಧನ್ಯವಾದ.

---

ಆಕಾಶ_ವೀಕ್ಷಕ

ಲೀಟರ್ ಕೆಜಿ ಕಥೆ ಓದಿದ ಕೂಡಲೇ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೆನಪಾಯಿತು. 1999ರ ಸೆಪ್ಟೆಂಬರ್ 23. ಭೂಮಿಯ ಮೇಲಿನ ಒಂದು ಸಾಫ್ಟ್‌ವೇರ್ ತಳ್ಳುವ ಬಲದ ಲೆಕ್ಕವನ್ನು ಪೌಂಡ್‌ನಲ್ಲಿ ಕೊಟ್ಟಿತು. ಅದನ್ನು ಓದಿದ ತಂಡ ನ್ಯೂಟನ್ ಅಂದುಕೊಂಡಿತು. ಎರಡಕ್ಕೂ ನಾಲ್ಕೂವರೆ ಪಟ್ಟು ಹತ್ತಿರ ವ್ಯತ್ಯಾಸ. ಮಂಗಳನ ಮೇಲೆ 226 ಕಿಮೀ ಎತ್ತರದಲ್ಲಿ ಹಾದುಹೋಗಬೇಕಾದ ನೌಕೆ ಸುಮಾರು 57 ಕಿಮೀಗೆ ಇಳಿಯಿತು. ಅಲ್ಲಿಗೆ ಕಥೆ ಮುಗಿಯಿತು. ಅಸ್ಪಷ್ಟ ರಿಕ್ವೈರ್‌ಮೆಂಟ್‌ಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾ?

---

ನ್ಯೂಜೆರ್ಸಿ_ಕನ್ನಡಿಗ

@ಆಕಾಶ_ವೀಕ್ಷಕ ಅಂಕಿಗಳು ಸರಿ, ಆದರೆ ಉದಾಹರಣೆ ಸರಿಯಲ್ಲ. ಅಲ್ಲಿ ರಿಕ್ವೈರ್‌ಮೆಂಟ್ ಸ್ಪಷ್ಟವಾಗಿಯೇ ಇತ್ತು. ಮೆಟ್ರಿಕ್ ಮಾನದಲ್ಲೇ ಕೊಡಬೇಕು ಎಂದು ಎರಡು ಸಾಫ್ಟ್‌ವೇರ್‌ಗಳ ನಡುವಿನ ಒಪ್ಪಂದದ ದಾಖಲೆಯಲ್ಲಿ ಬರೆದಿತ್ತು. ಮಾಡಿದವರು ಪಾಲಿಸಲಿಲ್ಲ, ಬೇರೆ ಯಾರೂ ಪರೀಕ್ಷೆ ಮಾಡಿ ನೋಡಲಿಲ್ಲ. ಅದು ಬೇರೆ ಜಾತಿಯ ತಪ್ಪು.

ಈ ಚರ್ಚೆಗೆ ಹೊಂದುವುದು ಅದೇ ವರ್ಷ ಡಿಸೆಂಬರ್ 3ರಂದು ಕಳೆದುಹೋದ ಮಾರ್ಸ್ ಪೋಲಾರ್ ಲ್ಯಾಂಡರ್. ಅದರ ಕಾಲುಗಳಲ್ಲಿ ನೆಲ ಮುಟ್ಟಿದ್ದನ್ನು ತಿಳಿಸುವ ಸೆನ್ಸರ್ ಇದ್ದವು. ನೆಲ ಮುಟ್ಟಿದ ತಕ್ಷಣ ಎಂಜಿನ್ ನಿಲ್ಲಿಸಬೇಕು. ಇಳಿಯುವಾಗ, ಇನ್ನೂ ಬಹಳ ಎತ್ತರದಲ್ಲಿರುವಾಗಲೇ, ಮಡಚಿದ್ದ ಕಾಲು ಬಿಚ್ಚಿಕೊಳ್ಳುತ್ತದೆ. ಆ ಜಗ್ಗಾಟಕ್ಕೆ ಸೆನ್ಸರ್ ಒಂದು ಕ್ಷಣ "ಮುಟ್ಟಿದೆ" ಎಂದು ಸುಳ್ಳು ಸೂಚನೆ ಕೊಡಬಹುದು. ಇದು ಯಂತ್ರಭಾಗದ ಎಂಜಿನಿಯರ್‌ಗಳಿಗೆ ಪರೀಕ್ಷೆಯಿಂದಲೇ ಗೊತ್ತಿತ್ತು. ನೆಲ ಹತ್ತಿರವಾಗುವವರೆಗೆ ಆ ಸೂಚನೆ ಬಳಸಬಾರದು ಎಂಬ ಮಾತೂ ಮೇಲಿನ ಹಂತದ ದಾಖಲೆಯಲ್ಲಿತ್ತು. ಆದರೆ ಯಾಕೆ ಬಳಸಬಾರದು, ಯಾವ ಸುಳ್ಳು ಸೂಚನೆ ಬರಬಹುದು ಅನ್ನುವುದು ಸಾಫ್ಟ್‌ವೇರ್ ತಂಡದ ದಾಖಲೆಗೆ ಇಳಿಯಲೇ ಇಲ್ಲ. ಹಾಗಾಗಿ ಆ ಕ್ಷಣದ ಸೂಚನೆ ಮೆಮೊರಿಯಲ್ಲಿ ಹಾಗೇ ಉಳಿಯಿತು. ನೆಲದಿಂದ ಸುಮಾರು 40 ಮೀಟರ್ ಮೇಲೆ ಸಾಫ್ಟ್‌ವೇರ್ ಅದನ್ನು ತೆಗೆದು ನೋಡಿತು, ಇಳಿದಾಯಿತು ಎಂದುಕೊಂಡು ಎಂಜಿನ್ ನಿಲ್ಲಿಸಿತು. ಸೆಕೆಂಡಿಗೆ ಸುಮಾರು 22 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯಿತು. ಇಳಿಯುವ ಹೊತ್ತಿನ ಮಾಹಿತಿ ಭೂಮಿಗೆ ಬರುತ್ತಿರಲಿಲ್ಲ, ಹಾಗಾಗಿ ತನಿಖೆ ಮಾಡಿದವರು ಇದನ್ನು "ಅತ್ಯಂತ ಸಂಭವನೀಯ ಕಾರಣ" ಎಂದೇ ಹೇಳಿದ್ದಾರೆ.

ಏನು ಮಾಡಬೇಕು ಎಂಬುದು ಬರೆದಿತ್ತು. ಯಾಕೆ ಎಂಬುದು ಬರೆದಿರಲಿಲ್ಲ. ನನ್ನ ಪ್ರಕಾರ ಕಾರಣ ಬಿಟ್ಟುಹೋದ ರಿಕ್ವೈರ್‌ಮೆಂಟ್ ಅರ್ಧ ರಿಕ್ವೈರ್‌ಮೆಂಟ್.

---

ಆಕಾಶ_ವೀಕ್ಷಕ

ಒಪ್ಪಿದೆ. ಪೋಲಾರ್ ಲ್ಯಾಂಡರ್ ವಿಷಯ ಇಷ್ಟು ವಿವರವಾಗಿ ಗೊತ್ತಿರಲಿಲ್ಲ.

---

ಟೆಂಡರ್_ಓದುಗ

ಎಲ್ಲರೂ ಅಸ್ಪಷ್ಟತೆ ಆಕಸ್ಮಿಕವಾಗಿ ಬರುತ್ತದೆ ಎಂಬಂತೆ ಮಾತಾಡುತ್ತಿದ್ದೀರಿ. ನಾನು ವರ್ಷಗಟ್ಟಲೆ ಟೆಂಡರ್ ದಾಖಲೆ ಓದುವ ಕೆಲಸ ಮಾಡಿದವನು. ಬಹಳ ಸಲ ಅದನ್ನು ಬೇಕಂತಲೇ ಉಳಿಸಿಕೊಳ್ಳುತ್ತಾರೆ.

ಒಟ್ಟು ಮೊತ್ತ ಮೊದಲೇ ಗೊತ್ತು ಮಾಡಿದ ಗುತ್ತಿಗೆ ಅಂದುಕೊಳ್ಳಿ. ಬರೆಸುವವರು ಪಟ್ಟಿಯ ಕೊನೆಗೆ "ಇತ್ಯಾದಿ" ಎಂದು ಸೇರಿಸುತ್ತಾರೆ. ಆಮೇಲೆ ನೆನಪಾದದ್ದನ್ನೆಲ್ಲಾ ಅದರೊಳಗೆ ತುರುಕಬಹುದು ಅನ್ನುವ ಲೆಕ್ಕ. ಗುತ್ತಿಗೆ ಹಿಡಿಯುವವರೂ ಪ್ರಶ್ನೆ ಕೇಳುವುದಿಲ್ಲ. ಕೇಳಿದರೆ ಕೆಲಸ ಜಾಸ್ತಿ ಎಂದು ಗೊತ್ತಾಗುತ್ತದೆ, ದರ ಏರಿಸಬೇಕಾಗುತ್ತದೆ, ಟೆಂಡರ್ ಕೈತಪ್ಪುತ್ತದೆ. ಗೆದ್ದ ಮೇಲೆ "ಇದು ಬದಲಾವಣೆ, ಇದಕ್ಕೆ ಬೇರೆ ದುಡ್ಡು" ಎಂದು ಕೇಳುವುದು ಸುಲಭ. ಇಬ್ಬರೂ ಆ ಮಬ್ಬಿನಲ್ಲಿ ತಮಗೇ ಲಾಭ ಎಂದು ನಂಬಿರುತ್ತಾರೆ. ಎಲ್ಲಕ್ಕಿಂತ ಅಪಾಯದ ಸಾಲು "ಈಗಿರುವ ಪದ್ಧತಿಯಂತೆ". ಈಗಿರುವ ಪದ್ಧತಿ ಏನು ಎಂದು ಒಂದೇ ಕಚೇರಿಯ ಮೂರು ಜನರನ್ನು ಕೇಳಿ ನೋಡಿ, ಮೂರು ಉತ್ತರ ಬರುತ್ತದೆ.

ಹಾಗಾಗಿ "ಚೆನ್ನಾಗಿ ಬರೆಯಿರಿ" ಅಂದರೆ ಸಾಲದು. ಪ್ರಶ್ನೆ ಕೇಳಿದವರಿಗೆ ನಷ್ಟವಾಗುವ ವ್ಯವಸ್ಥೆ ಇರುವವರೆಗೆ ಯಾರೂ ಕೇಳುವುದಿಲ್ಲ.

---

ಸೈಟ್_ಇಂಜಿನಿಯರ್

ಟೆಂಡರ್ ಸಾಹೇಬ್ರೇ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಕಟ್ಟಡದ ಟೆಂಡರ್‌ನಲ್ಲೂ "ಪ್ರಭಾರ ಎಂಜಿನಿಯರ್ ಸೂಚಿಸಿದಂತೆ" ಎಂಬ ಸಾಲು ಎಲ್ಲಾ ಕಡೆ ಇರುತ್ತದೆ. ಓದಿದರೆ ಅದಕ್ಕಿಂತ ಅಸ್ಪಷ್ಟ ಸಾಲು ಇಲ್ಲ. ಆದರೂ ಕೆಲಸ ನಡೆಯುತ್ತದೆ. ಯಾಕೆ? ಗೊಂದಲ ಬಂದರೆ ಯಾರು ತೀರ್ಮಾನ ಹೇಳಬೇಕು ಅನ್ನುವುದು ಆ ಸಾಲಿನಲ್ಲೇ ಇದೆ. ಅವರು ಹೇಳಿದ್ದು ಸೈಟ್ ಪುಸ್ತಕದಲ್ಲಿ ದಾಖಲಾಗುತ್ತದೆ, ಸಹಿ ಬೀಳುತ್ತದೆ. ಅಳತೆ ಪುಸ್ತಕ ಬೇರೆ ಇರುತ್ತದೆ. ಕಾಂಕ್ರೀಟ್ ಎಂ20 (ಗಟ್ಟಿತನದ ಒಂದು ದರ್ಜೆ) ಎಂದರೆ 28 ದಿನಕ್ಕೆ ಅದರ ಕ್ಯೂಬ್ ಒಡೆದು ನೋಡುತ್ತಾರೆ, ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರಲ್ಲಿ ಇದೆ, ವಾದಕ್ಕೆ ಜಾಗವಿಲ್ಲ.

ಸಾಫ್ಟ್‌ವೇರ್‌ನಲ್ಲಿ ನಿಮಗೆ ಆ ಪ್ರಭಾರ ಎಂಜಿನಿಯರ್ ಯಾರು? ಹಾಲಿನ ಪ್ರಾಜೆಕ್ಟ್‌ನಲ್ಲಿ "ಲೀಟರೋ ಕೆಜಿಯೋ" ಎಂದು ಕೇಳಿದ್ದರೆ ಉತ್ತರ ಹೇಳಿ ಸಹಿ ಹಾಕುವ ಒಬ್ಬ ವ್ಯಕ್ತಿ ಇದ್ದರಾ?

---

ಹಾಸನದ_ಹುಡುಗಿ

@ಸೈಟ್_ಇಂಜಿನಿಯರ್ ಇರಲಿಲ್ಲ. ಒಂದು ಸಮಿತಿ ಇತ್ತು. ತಾಂತ್ರಿಕ ವಿಭಾಗ, ಲೆಕ್ಕಪತ್ರ ವಿಭಾಗ, ಮಾರಾಟ ವಿಭಾಗ, ಎಲ್ಲರೂ ಇದ್ದರು. ಇಮೇಲ್ ಹಾಕಿದರೆ "ಸಮಿತಿಯಲ್ಲಿ ಚರ್ಚಿಸೋಣ" ಎಂದು ಉತ್ತರ ಬರುತ್ತಿತ್ತು. ಮುಂದಿನ ಸಭೆಗೆ ಬೇರೆ ಜನ ಬರುತ್ತಿದ್ದರು.

---

ಅಂಕಿಅಂಶ_ರಾಯರು

ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳ ಸೋಲು ಗೆಲುವಿನ ಬಗ್ಗೆ ಅಮೆರಿಕದ ಸ್ಟ್ಯಾಂಡಿಶ್ ಗ್ರೂಪ್ ಎಂಬ ಸಂಸ್ಥೆ ಮಾಡಿದ 1994ರ ಕೇಯಾಸ್ ವರದಿ ನೋಡಿ. ಪ್ರಾಜೆಕ್ಟ್ ಬೀಳಲು ಕಾರಣಗಳ ಪಟ್ಟಿಯಲ್ಲಿ ಮೊದಲನೆಯದ್ದೇ ಅಪೂರ್ಣ ರಿಕ್ವೈರ್‌ಮೆಂಟ್, 13.1 ಶೇಕಡಾ. ಎರಡನೆಯದು ಬಳಸುವವರನ್ನು ಸೇರಿಸಿಕೊಳ್ಳದಿರುವುದು, 12.4 ಶೇಕಡಾ. ಇನ್ನು ಚರ್ಚೆ ಯಾಕೆ?

---

ಟೆಸ್ಟಿಂಗ್_ಅಕ್ಕ

ರಾಯರೇ, ಆ ವರದಿ ಐಟಿ ಮ್ಯಾನೇಜರ್‌ಗಳನ್ನು ಕೇಳಿ ಬರೆದದ್ದು. ನಿಮ್ಮ ಪ್ರಾಜೆಕ್ಟ್ ಯಾಕೆ ಬಿತ್ತು ಎಂದು ಮ್ಯಾನೇಜರ್‌ರನ್ನು ಕೇಳಿದರೆ "ನಮಗೆ ಸರಿಯಾಗಿ ಹೇಳಲಿಲ್ಲ" ಎಂಬ ಉತ್ತರ ಮೊದಲು ಬರುವುದು ಸಹಜ. ಆ ಅಂಕಿಗಳ ಮೇಲೆ ಸಂಶೋಧಕರು ಆಕ್ಷೇಪ ಎತ್ತಿದ್ದಾರೆ. ಕಾರಣ ನಿಜವಿರಬಹುದು, ಆದರೆ ದಶಮಾಂಶದವರೆಗೆ ನಂಬಬೇಡಿ.

---

ಅಂಕಿಅಂಶ_ರಾಯರು

ಆದರೂ ಮೊದಲ ಎರಡೂ ಕಾರಣ ಈ ಹಾಲಿನ ಕಥೆಗೆ ಸರಿಯಾಗಿ ಹೊಂದುತ್ತವೆ. ಅಷ್ಟನ್ನಾದರೂ ಒಪ್ಪಿಕೊಳ್ಳಿ.

---

ಟೆಸ್ಟಿಂಗ್_ಅಕ್ಕ

ಅದು ಒಪ್ಪಿದೆ.

---

ನ್ಯೂಜೆರ್ಸಿ_ಕನ್ನಡಿಗ

ದಪ್ಪ ದಾಖಲೆ ಇದ್ದರೆ ಸ್ಪಷ್ಟತೆ ಬರುತ್ತದೆ ಎಂದು ನಂಬುವವರಿಗೆ ಒಂದು ಮಾತು. ಅಮೆರಿಕದ ಎಫ್‌ಬಿಐ ತನ್ನ ತನಿಖಾ ಕಡತಗಳನ್ನು ಕಂಪ್ಯೂಟರಿಗೆ ತರಲು ವರ್ಚುವಲ್ ಕೇಸ್ ಫೈಲ್ ಎಂಬ ಯೋಜನೆ ಮಾಡಿತು. ರಿಕ್ವೈರ್‌ಮೆಂಟ್ ದಾಖಲೆಯೇ 800 ಪುಟದ ಮೇಲೆ. ಪ್ರತಿ ಪರದೆಯ ಗುಂಡಿ ಎಲ್ಲಿರಬೇಕು ಎಂಬಂಥ ವಿವರಗಳೂ ಅದರಲ್ಲಿದ್ದವು. ಕೆಲಸ ನಡೆಯುತ್ತಿದ್ದಂತೆ ಬೇಡಿಕೆ ಬದಲಾಗುತ್ತಲೇ ಹೋಯಿತು. ಸುಮಾರು 170 ಮಿಲಿಯನ್ ಡಾಲರ್ ಖರ್ಚಾದ ಮೇಲೆ 2005ರಲ್ಲಿ ಕೈಬಿಟ್ಟರು.

---

ಸ್ಕ್ರಮ್_ಶಿವಮೊಗ್ಗ

ಅದರ ಮುಂದಿನ ಭಾಗವನ್ನೂ ಹೇಳಬೇಕು ಸಾರ್. ಆಮೇಲೆ ಬಂದ ಸೆಂಟಿನೆಲ್ ಯೋಜನೆಯೂ ಕುಂಟುತ್ತಿತ್ತು. ಎಫ್‌ಬಿಐ ಕೆಲಸವನ್ನು ತನ್ನ ಕೈಗೇ ತೆಗೆದುಕೊಂಡಿತು, ಸಣ್ಣ ತಂಡ ಕಟ್ಟಿ ಅಜೈಲ್ ರೀತಿಯಲ್ಲಿ (ಸ್ವಲ್ಪ ಸ್ವಲ್ಪ ಮಾಡಿ ಆಗಾಗ ತೋರಿಸುತ್ತಾ) ಮಾಡಿತು, 2012ರಲ್ಲಿ ಅದು ಬಳಕೆಗೆ ಬಂತು. ಹಾಲಿನ ಪ್ರಾಜೆಕ್ಟ್‌ನಲ್ಲಿ ಡೆಮೊ ಮಾಡಿದ್ದು ಸರಿ, ಆದರೆ ನೋಡಲು ಕೂತವರು ತಪ್ಪು ಜನ. ಪದ್ಧತಿಯನ್ನು ಬೈಯಬೇಡಿ.

---

ಟೆಂಡರ್_ಓದುಗ

ಪದ್ಧತಿಯನ್ನು ಬೈಯುತ್ತಿಲ್ಲ ಸ್ವಾಮಿ. ಸರಿಯಾದ ಜನ ಬಂದು ಕೂರುವಂತೆ ಯಾವ ಪದ್ಧತಿ ಮಾಡುತ್ತದೆ ಹೇಳಿ. ಹಳ್ಳಿಯ ಕಾರ್ಯದರ್ಶಿ ಬೆಳಗಿನ ಹಾಲು ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಬರಬೇಕು, ಬಸ್ ಚಾರ್ಜ್ ಯಾರು ಕೊಡುತ್ತಾರೆ? ಅದನ್ನು ಟೆಂಡರ್‌ನಲ್ಲೇ ಒಂದು ಖರ್ಚು ಎಂದು ಸೇರಿಸಿ. ಆಗ ಆಗುತ್ತದೆ.

---

ಅಕ್ಷರ_ಜೋಡಣೆ

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಕ್ಷಮಿಸಿ. ನಮ್ಮ ರಾಜ್ಯದ ಸಾಫ್ಟ್‌ವೇರ್ ದಾಖಲೆಗಳಲ್ಲಿ "ಕನ್ನಡ ಬೆಂಬಲ ಇರಬೇಕು" ಎಂಬ ಸಾಲು ಇದ್ದೇ ಇರುತ್ತದೆ. ಅದರ ಕೆಳಗೆ ಒಂದಕ್ಷರ ವಿವರಣೆ ಇರುವುದಿಲ್ಲ. ಮೆನು ಮಾತ್ರ ಕನ್ನಡದಲ್ಲಿ ಸಾಕಾ? ಹುಡುಕಾಟ ಕನ್ನಡದಲ್ಲಿ ಆಗಬೇಕಾ? ಪಿಡಿಎಫ್ ತೆಗೆದಾಗ ಒತ್ತಕ್ಷರ ಒಡೆಯದೆ ಬರಬೇಕಾ? ಯೂನಿಕೋಡ್‌ಗೆ (ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಜಾಗತಿಕ ಪದ್ಧತಿ) ಮುಂಚಿನ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಹಳೆಯ ಕಡತಗಳು ರಾಶಿ ಇವೆ, ಅವನ್ನು ಬದಲಾಯಿಸುವವರು ಯಾರು?

ಒಂದು ಚಿಕ್ಕ ವಿಷಯ ನೋಡಿ. ಊರುಗಳ ಪಟ್ಟಿಯನ್ನು ಅಕಾರಾದಿಯಲ್ಲಿ ಕೊಡಬೇಕು ಎಂದಿರುತ್ತದೆ. ಯೂನಿಕೋಡ್‌ನಲ್ಲಿ ಳ ಅಕ್ಷರದ ಸಂಖ್ಯೆ ಲ ಆದ ಕೂಡಲೇ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ. ಬರೀ ಸಂಖ್ಯೆ ನೋಡಿ ಜೋಡಿಸುವ ಕೋಡ್ ಬಳ್ಳಾರಿಯನ್ನು ಬಸವಕಲ್ಯಾಣಕ್ಕಿಂತ ಮೊದಲು ಹಾಕುತ್ತದೆ. ನಿಘಂಟು ನೋಡಿ ಬೆಳೆದವರು ಬಸವಕಲ್ಯಾಣ ಮೊದಲು ಎಂದು ಹುಡುಕುತ್ತಾರೆ. ಉದ್ದದ ಪಟ್ಟಿಯಲ್ಲಿ ಹೆಸರು ಸಿಗದಿದ್ದರೆ "ನಮ್ಮ ಊರೇ ಇಲ್ಲ" ಎಂದು ದೂರು ಬರುತ್ತದೆ. ಟೆಸ್ಟ್ ಮಾಡಿದವರು ಕನ್ನಡ ಓದದವರಾದರೆ ಅವರಿಗೆ ಇದು ಕಾಣುವುದೂ ಇಲ್ಲ.

---

ಹೊಸಬ_ಕೋಡರ್

ಹೆಸರಿನ ವಿಷಯವೂ ಸೇರಿಸಿ. "ಕೊನೆಯ ಹೆಸರು ಕಡ್ಡಾಯ" ಎಂದು ಫಾರ್ಮ್‌ನಲ್ಲಿ ಇರುತ್ತದೆ. ನನ್ನ ಹೆಸರಿನಲ್ಲಿ ಇನಿಷಿಯಲ್ ಮಾತ್ರ ಇದೆ, ಒಂದು ಊರಿನದ್ದು, ಒಂದು ಅಪ್ಪನದ್ದು. ಒಂದು ಕಡೆ ಚುಕ್ಕಿ ಹಾಕಿದೆ, ಇನ್ನೊಂದು ಕಡೆ ಅಪ್ಪನ ಹೆಸರು ಹಾಕಿದೆ. ಈಗ ಎರಡು ದಾಖಲೆ ಹೊಂದುವುದಿಲ್ಲ ಎನ್ನುತ್ತಾರೆ.

---

ಸೈಟ್_ಇಂಜಿನಿಯರ್

ಚರ್ಚೆ ಹಾಲಿನಿಂದ ಬಳ್ಳಾರಿಗೆ ಹೋಯಿತಲ್ಲ.

---

ಅಕ್ಷರ_ಜೋಡಣೆ

ಎಲ್ಲೂ ಹೋಗಿಲ್ಲ ಸಾರ್, ಅದೇ ವಿಷಯ. ಬರೆಸಿದವರಿಗೆ ಎಷ್ಟು ಸಹಜ ಎಂದರೆ ಹೇಳಬೇಕು ಎಂದೇ ತೋಚುವುದಿಲ್ಲ. ಮಾಡುವವರಿಗೆ ಅದು ಗೊತ್ತೇ ಇಲ್ಲ, ಹಾಗಾಗಿ ಕೇಳಬೇಕು ಎಂದೂ ತೋಚುವುದಿಲ್ಲ.

---

ರೈತನ_ಮಗ

ಪಹಣಿಯಲ್ಲಿ ವಿಸ್ತೀರ್ಣ ಇರುತ್ತದಲ್ಲ, ಅದೂ ಇದೇ ಸಾಲಿಗೆ ಸೇರುತ್ತದೆ. ಒಟ್ಟು ವಿಸ್ತೀರ್ಣ ಬೇರೆ, ಖರಾಬು (ಸಾಗುವಳಿಗೆ ಬಾರದ ಜಾಗ) ಕಳೆದು ಉಳಿದದ್ದು ಬೇರೆ. ನನ್ನ ಪರಿಚಯದವರ ಆ್ಯಪ್ ಒಂದರಲ್ಲಿ "ಜಮೀನಿನ ವಿಸ್ತೀರ್ಣ" ಎಂದು ಒಂದೇ ಖಾನೆ ಇಟ್ಟಿದ್ದರು. ಎಕರೆಗೆ 40 ಗುಂಟೆ ಎಂಬುದೂ ತಲೆಯಲ್ಲಿ ಇರಲಿಲ್ಲ, 2 ಎಕರೆ 20 ಗುಂಟೆಯನ್ನು 2.20 ಎಂದು ಹಾಕಿದ ಮೇಲೆ ಕಂಪ್ಯೂಟರ್ ಅದನ್ನು ದಶಮಾಂಶ ಎಂದು ಓದಿತು. ಎರಡೂವರೆ ಎಕರೆ ಎರಡು ಎಕರೆ ಎಂಟು ಗುಂಟೆಗೆ ಇಳಿಯಿತು!

---

ಟೆಸ್ಟಿಂಗ್_ಅಕ್ಕ

@ರೈತನ_ಮಗ ಇದನ್ನು ನಾನು ತರಬೇತಿಯಲ್ಲಿ ಬಳಸಿಕೊಳ್ಳುತ್ತೇನೆ. ಒಂದು ಚುಕ್ಕಿಯಲ್ಲಿ 12 ಗುಂಟೆ ಹೋಯಿತು.

---

ಹಾಸನದ_ಹುಡುಗಿ

ಎಲ್ಲರಿಗೂ ಧನ್ಯವಾದ. ಒಂದು ಸುದ್ದಿ ಇದೆ. ಪೈಲಟ್ ಮತ್ತೆ ಶುರು ಮಾಡುವ ಮಾತು ನಡೆಯುತ್ತಿದೆ. ನಾನು ನಮ್ಮ ಮ್ಯಾನೇಜರ್‌ಗೆ ಎರಡು ವಿಷಯ ಬರೆದು ಕೊಟ್ಟಿದ್ದೇನೆ. ಗೊಂದಲ ಬಂದರೆ ಎರಡು ದಿನದೊಳಗೆ ಉತ್ತರ ಕೊಟ್ಟು ಸಹಿ ಹಾಕುವ ಒಬ್ಬರನ್ನು ಒಕ್ಕೂಟ ಹೆಸರಿಸಬೇಕು, ಸಮಿತಿ ಬೇಡ. ಮತ್ತೆ, ಕೋಡ್ ಮುಟ್ಟುವ ಮೊದಲು ನಮ್ಮ ಇಡೀ ತಂಡ ಒಂದು ಡೇರಿಯಲ್ಲಿ ಬೆಳಗಿನ ಹೊತ್ತು ಮತ್ತು ಸಂಜೆ ಹೊತ್ತು ಎರಡೂ ನಿಂತು ನೋಡಬೇಕು.

ಕಾರ್ಯದರ್ಶಿಗಳೇ, ನಾವು ಅಲ್ಲಿಗೆ ಹೋದಾಗ ಏನೇನು ಕೇಳಬೇಕು ಎಂದು ದಯವಿಟ್ಟು ಹೇಳಿ.

---

ಡೇರಿ_ಕಾರ್ಯದರ್ಶಿ

ಒಳ್ಳೆಯದು ಮೇಡಂ. ಮೊದಲನೆಯದಾಗಿ ತೂಕದ ಯಂತ್ರದ ಮುಂದೆ ನಿಂತು ಅದು ಏನು ತೋರಿಸುತ್ತಿದೆ ನೋಡಿ. ಕೆಲವು ಯಂತ್ರ ಕೆಜಿ ತೂಗಿ ಲೀಟರಿಗೆ ತಿರುಗಿಸಿ ತೋರಿಸುತ್ತವೆ. ಹಾಗಿದ್ದರೆ ಎಷ್ಟರಿಂದ ಭಾಗಿಸುತ್ತದೆ ಎಂದು ಕೇಳಿ.

ಕರೆಂಟ್ ಹೋದಾಗ ಏನು ಮಾಡುತ್ತಾರೆ ಕೇಳಿ. ನಾವು ಪುಸ್ತಕದಲ್ಲಿ ಬರೆದಿಟ್ಟು ಆಮೇಲೆ ಏರಿಸುತ್ತೇವೆ. ನಿಮ್ಮ ಸಾಫ್ಟ್‌ವೇರ್ ಏರಿಸಿದ ಹೊತ್ತನ್ನು ಹಾಲು ಹಾಕಿದ ಹೊತ್ತು ಎಂದು ತೆಗೆದುಕೊಂಡರೆ ಸಂಜೆ ಹಾಲು ಮರುದಿನಕ್ಕೆ ಹೋಗುತ್ತದೆ.

ಹುಳಿ ಬಂದ ಹಾಲನ್ನು ವಾಪಸ್ ಕಳಿಸಿದರೆ ಅದನ್ನು ಎಲ್ಲಿ ಬರೆಯಬೇಕು? ಪರೀಕ್ಷೆಗೆ ತೆಗೆದ ಸ್ಯಾಂಪಲ್ ಹಾಲನ್ನು ಯಾವ ಲೆಕ್ಕಕ್ಕೆ ಹಾಕಬೇಕು? ಊರಲ್ಲೇ ಮಾರಿದ ಹಾಲು? ಇವು ಮೂರೂ ರೈತರ ಹೆಸರಿನಲ್ಲಿ ಬಂದದ್ದು, ಆದರೆ ಟ್ಯಾಂಕರಿಗೆ ಹೋಗದ ಹಾಲು. ಇವನ್ನು ಬಿಟ್ಟರೆ ಲೀಟರ್ ಕೆಜಿ ಸರಿಮಾಡಿದ ಮೇಲೂ ನಿಮ್ಮ ವರದಿಯಲ್ಲಿ ಕೆಂಪು ಅಕ್ಷರ ಬಂದೇ ಬರುತ್ತದೆ.

---

ಟೆಸ್ಟಿಂಗ್_ಅಕ್ಕ

ಕಾರ್ಯದರ್ಶಿಗಳೇ, ನನ್ನದೂ ಒಂದು ಪ್ರಶ್ನೆ. ಫ್ಯಾಟ್ 3.45 ಬಂದರೆ ಬಟವಾಡೆಗೆ 3.4 ಹಿಡಿಯುತ್ತೀರಾ, 3.5 ಹಿಡಿಯುತ್ತೀರಾ?

---

ಡೇರಿ_ಕಾರ್ಯದರ್ಶಿ

ನಮ್ಮ ಯಂತ್ರ ಒಂದೇ ದಶಮಾಂಶ ತೋರಿಸುತ್ತದೆ ಅಮ್ಮಾ. ಒಳಗೆ ಅದು ಹೇಗೆ ಮಾಡುತ್ತದೆ ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ. ನಾಳೆ ಯಂತ್ರ ರಿಪೇರಿಯವರು ಬರುತ್ತಾರೆ, ಅವರನ್ನೇ ಕೇಳಿ ಇಲ್ಲಿ ಬರೆಯುತ್ತೇನೆ.